ಎತ್ತರ ಬೇರೆಯಾದ ನೆಲಗಳ ಜೋಡಣೆ: ಟೈಲು ಮತ್ತು ಲ್ಯಾಮಿನೇಟ್

ಹಿಂದಿನ ಕಾಲದ ಮನೆಗಳಲ್ಲಿ ಒಂದು ಕೋಣೆಯಿಂದ ಮತ್ತೊಂದಕ್ಕೆ ಹೋಗುವಾಗ ಹೊಸ್ತಿಲನ್ನು ದಾಟಬೇಕಾಗುತ್ತಿತ್ತು. ಮೂರು ನಾಲ್ಕು ಅಂಗುಲ ಎತ್ತರದ ಆ ಹೊಸ್ತಿಲು ಕಣ್ಣಿಗೆ ಎದ್ದು ಕಾಣುತ್ತಿತ್ತು. ಅದರ ಬಳಿ ಬಂದೊಡನೆ ಕಾಲು ತಾನಾಗಿಯೇ ಮೇಲೇಳುತ್ತಿತ್ತು. ನಗರಗಳ ಇಂದಿನ ಫ್ಲ್ಯಾಟುಗಳಲ್ಲಿ ಒಳಕೋಣೆಗಳ ಹೊಸ್ತಿಲು ಬಹುಮಟ್ಟಿಗೆ ಮರೆಯಾಗಿದೆ. ಆದರೆ ಅನೇಕ ಮನೆಗಳಲ್ಲಿ ಅದರ ಸ್ಥಾನದಲ್ಲಿ ಮತ್ತೊಂದು ಅಡ್ಡಿ ಬಂದು ಕುಳಿತಿದೆ. ಹಜಾರದ ಟೈಲು ಮುಗಿದು ಮಲಗುವ ಕೋಣೆಯ ಲ್ಯಾಮಿನೇಟ್ ನೆಲ ಆರಂಭವಾಗುವಲ್ಲಿ ಉಳಿಯುವ ಎಂಟು ಹತ್ತು ಮಿಲಿಮೀಟರಿನ ಅಂಚೇ ಅದು.

ಇಷ್ಟು ಸಣ್ಣ ಅಂಚಿನಿಂದ ಏನಾದೀತು ಎಂದು ಭಾವಿಸುವವರು ಮನುಷ್ಯನ ನಡಿಗೆಯನ್ನು ಗಮನಿಸಿದರೆ ಸಾಕು. ಸಮತಟ್ಟಾದ ನೆಲದ ಮೇಲೆ ನಡೆಯುವಾಗ, ಮುಂದಕ್ಕೆ ಬೀಸುವ ಕಾಲಿನ ಹೆಬ್ಬೆರಳಿಗೂ ನೆಲಕ್ಕೂ ನಡುವೆ ಒಂದು ಹಂತದಲ್ಲಿ ಉಳಿಯುವ ಅಂತರವು ಕೇವಲ ಒಂದರಿಂದ ಎರಡು ಸೆಂಟಿಮೀಟರ್. ವಯಸ್ಸಾದವರು ಆಯಾಸಗೊಂಡಾಗ ಅಥವಾ ಸಡಿಲವಾದ ಚಪ್ಪಲಿಯನ್ನು ಮೆಟ್ಟಿದಾಗ ಈ ಅಂತರವು ಮತ್ತಷ್ಟು ಕುಗ್ಗುತ್ತದೆ. ಕಣ್ಣಿಗೆ ಕಾಣುವ ಆರು ಅಂಗುಲದ ಮೆಟ್ಟಿಲಿಗೆ ಕಾಲು ಸಿದ್ಧವಾಗಿರುತ್ತದೆ. ಕಣ್ಣಿಗೆ ಕಾಣದ ಒಂದು ಸೆಂಟಿಮೀಟರಿಗೆ ಅದು ಸಿದ್ಧವಾಗಿರುವುದಿಲ್ಲ. ಅಲ್ಪವಾದ ಎತ್ತರವೇ ಹೆಚ್ಚು ಅಪಾಯಕಾರಿ ಎನ್ನುವುದಕ್ಕೆ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪ್ರಕಟಣೆಯಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನರು ಬಿದ್ದು ಮರಣ ಹೊಂದುತ್ತಾರೆ. ಅವರಲ್ಲಿ ಅರವತ್ತು ದಾಟಿದವರ ಸಂಖ್ಯೆಯೇ ದೊಡ್ಡದು. ಮಗನ ಅಥವಾ ಮಗಳ ಮನೆಗೆಂದು ಊರಿನಿಂದ ಮುಂಬಯಿಗೋ ದೆಹಲಿಗೋ ಬಂದಿರುವ ತಾಯಿ ತಂದೆಯರಿಗೆ ಆ ಮನೆಯ ನೆಲ ಅಪರಿಚಿತ. ರಾತ್ರಿ ದೀಪ ಹಾಕದೆ ಎದ್ದು ಹೋಗುವ ಅಭ್ಯಾಸ ಮಾತ್ರ ಹಳೆಯದು. ಬಾಗಿಲಿನ ಕೆಳಗಿನ ನಾಲ್ಕಂಗುಲ ಜಾಗಕ್ಕೆ ಗಮನ ಕೊಡಬೇಕಾಗಿರುವುದು ಅಂದಕ್ಕಾಗಿ ಮಾತ್ರವಲ್ಲ.

ಎರಡು ನೆಲಗಳ ಎರಡು ಸ್ವಭಾವ

ಟೈಲನ್ನು ಗಾರೆಯ ಮೇಲೆ ಅಥವಾ ಅಂಟುಗಾರೆಯ ಮೇಲೆ ಕೂರಿಸುತ್ತಾರೆ. ಒಮ್ಮೆ ಕೂತ ಟೈಲು ಅಲ್ಲಿಂದ ಕದಲುವುದಿಲ್ಲ. ನೀರಿಗೂ ಅದು ಅಂಜುವುದಿಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳ ಹಳೆಯ ಮನೆಗಳಲ್ಲಿ ಇಂದಿಗೂ ಕಾಣುವ ಶಹಾಬಾದಿ ಫರಸಿಯ ಗುಣವೂ ಇದೇ. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತಿರುವ ಆ ಕಲ್ಲು ಎಷ್ಟೋ ಮನೆಗಳಲ್ಲಿ ಮೂರು ತಲೆಮಾರುಗಳ ಕಾಲ ಒಂದೇ ಜಾಗದಲ್ಲಿ ಕುಳಿತಿದೆ.

ಲ್ಯಾಮಿನೇಟ್ ನೆಲದ ಸ್ವಭಾವ ಇದಕ್ಕೆ ತೀರ ಭಿನ್ನವಾದುದು. ಸ್ವೀಡನ್ನಿನಲ್ಲಿ 1977ರಲ್ಲಿ ರೂಪುಗೊಂಡ ಈ ನೆಲಹಾಸು ನೋಡಲು ಮರದಂತೆ ಕಂಡರೂ ಅದರ ತಿರುಳು ಮರದ ನಾರನ್ನು ಒತ್ತಿ ಮಾಡಿದ ಗಟ್ಟಿ ಹಲಗೆ. ಮೇಲ್ಮೈ ಮರದ ಚಿತ್ರವನ್ನು ಮುದ್ರಿಸಿದ ಕಾಗದ. ಅದರ ಮೇಲೆ ಸವೆತವನ್ನು ತಡೆಯುವ ರಾಳದ ಪದರ. ಫಲಕಗಳ ಅಂಚಿನಲ್ಲಿರುವ ಕೊಂಡಿಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಫಲಕಗಳನ್ನು ಕೆಳಗಿನ ನೆಲಕ್ಕೆ ಮೊಳೆಯಿಂದಾಗಲಿ ಅಂಟಿನಿಂದಾಗಲಿ ಬಂಧಿಸುವುದಿಲ್ಲ. ಇಡೀ ಕೋಣೆಯ ನೆಲ ಒಂದೇ ಹಾಳೆಯಂತೆ ತೆಳುವಾದ ಕೆಳಹಾಸಿನ ಮೇಲೆ ತೇಲುತ್ತಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಅದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮುಂಬಯಿಯ ಮತ್ತು ಚೆನ್ನೈಯ ಮಳೆಗಾಲದಲ್ಲಿ ಈ ಹಿಗ್ಗುವಿಕೆ ಸ್ಪಷ್ಟವಾಗಿ ಕಂಡುಬರುತ್ತದೆ. ದೆಹಲಿಯಲ್ಲಿ ಮೇ ತಿಂಗಳ ಒಣಗಾಳಿಗೂ ಆಗಸ್ಟಿನ ತೇವಕ್ಕೂ ನಡುವೆ ಅದೇ ನೆಲ ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗುತ್ತದೆ. ಆದಕಾರಣ ಗೋಡೆಯ ಸುತ್ತಲೂ, ಬಾಗಿಲಿನ ಚೌಕಟ್ಟಿನ ಬಳಿಯೂ, ಟೈಲಿನ ಎದುರಿನಲ್ಲಿಯೂ 8ರಿಂದ 10 ಮಿ.ಮೀ. ಸಂದನ್ನು ಬಿಡತಕ್ಕದ್ದು. ಫಲಕದ ಪೆಟ್ಟಿಗೆಯಲ್ಲಿರುವ ಸೂಚನೆಯು ಇದಕ್ಕಿಂತ ಹೆಚ್ಚಿನ ಸಂದನ್ನು ಹೇಳಿದ್ದರೆ ಅದನ್ನೇ ಅನುಸರಿಸಬೇಕು.

ಹೀಗೆ ಜೋಡಣೆಯ ಸ್ಥಳದಲ್ಲಿ ಎರಡು ಕೆಲಸಗಳು ಒಟ್ಟಿಗೆ ಆಗಬೇಕಾಗಿದೆ. ಎತ್ತರದ ವ್ಯತ್ಯಾಸವನ್ನು ಕಾಲಿಗೆ ತಿಳಿಯದಂತೆ ಸರಿದೂಗಿಸಬೇಕು. ಕದಲದ ನೆಲ ಮತ್ತು ಕದಲುವ ನೆಲಗಳ ನಡುವಣ ಸಂದನ್ನು ಮುಚ್ಚಬೇಕು, ಆದರೆ ತುಂಬಬಾರದು. ಗಾರೆ ಕೆಲಸದವರು ಮೊದಲನೆಯದನ್ನು ಬಲ್ಲರು. ಎರಡನೆಯದನ್ನು ಅವರಿಗೆ ವಿವರಿಸಿ ಹೇಳಬೇಕಾಗುತ್ತದೆ.

ಕೊಳ್ಳುವ ಮೊದಲೇ ಮಾಡಬೇಕಾದ ಲೆಕ್ಕ

ನೆಲಗಳ ಎತ್ತರದ ವ್ಯತ್ಯಾಸವು ಕೆಲಸ ಮುಗಿದ ಮೇಲೆ ಬಯಲಾಗುವ ಸಂಗತಿಯಲ್ಲ. ಅಂಗಡಿಯಲ್ಲಿಯೇ ಕಾಗದದ ಮೇಲೆ ಲೆಕ್ಕ ಹಾಕಬಹುದಾದುದು. ಪುಣೆಯ ಒಂದು ಹಳೆಯ ಫ್ಲ್ಯಾಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಜಾರದಲ್ಲಿಯೂ ಮಲಗುವ ಕೋಣೆಯಲ್ಲಿಯೂ ಒಂದೇ ಮಟ್ಟದ ಮೊಸಾಯಿಕ್ ನೆಲವಿದೆ. ಮನೆಯವರು ಹಜಾರವನ್ನು ಹಾಗೆಯೇ ಬಿಟ್ಟು, ಮಲಗುವ ಕೋಣೆಯಲ್ಲಿ ಮಾತ್ರ ಹಳೆಯ ನೆಲದ ಮೇಲೆ 8 ಮಿ.ಮೀ. ದಪ್ಪದ ಲ್ಯಾಮಿನೇಟನ್ನು 2 ಮಿ.ಮೀ. ಕೆಳಹಾಸಿನ ಮೇಲೆ ಹಾಸಿದರೆ ಕೋಣೆಯ ನೆಲ 10 ಮಿ.ಮೀ. ಮೇಲೇಳುತ್ತದೆ.

ಇದೇ ಮನೆಯವರು ಹಜಾರದ ಹಳೆಯ ನೆಲದ ಮೇಲೆ ಹೊಸ ವಿಟ್ರಿಫೈಡ್ ಟೈಲನ್ನೂ ಹಾಕಿಸುವವರಾಗಿದ್ದರೆ ಲೆಕ್ಕ ಬದಲಾಗುತ್ತದೆ. ಟೈಲಿನ ದಪ್ಪ 9 ಮಿ.ಮೀ., ಅಂಟುಗಾರೆಯ ದಪ್ಪ 4 ಮಿ.ಮೀ. ಎಂದಿಟ್ಟುಕೊಂಡರೆ ಹಜಾರ 13 ಮಿ.ಮೀ. ಏರುತ್ತದೆ, ಕೋಣೆ 10 ಮಿ.ಮೀ. ಏರುತ್ತದೆ, ಉಳಿಯುವ ವ್ಯತ್ಯಾಸ 3 ಮಿ.ಮೀ. ಮಾತ್ರ. 8 ಮಿ.ಮೀ. ಫಲಕದ ಬದಲು 12 ಮಿ.ಮೀ. ಫಲಕವನ್ನು ಆರಿಸಿಕೊಂಡರೆ ವ್ಯತ್ಯಾಸ 1 ಮಿ.ಮೀ.ಗೆ ಇಳಿಯುತ್ತದೆ. ಹತ್ತು ಮಿಲಿಮೀಟರಿನ ಸಮಸ್ಯೆ ಒಂದು ಮಿಲಿಮೀಟರಿಗೆ ಇಳಿದದ್ದು ಯಾವ ವಿಶೇಷ ಸಾಮಗ್ರಿಯಿಂದಲೂ ಅಲ್ಲ. ಎರಡು ಕೆಲಸಗಳನ್ನು ಒಟ್ಟಿಗೆ ಯೋಚಿಸಿದ್ದರಿಂದ.

ಕೆಲವರು ಫಲಕವನ್ನು ಬದಲಿಸದೆ ಕೆಳಹಾಸನ್ನೇ ದಪ್ಪವಾಗಿಸಿ ಮಟ್ಟ ಸರಿಮಾಡಲು ಹೊರಡುತ್ತಾರೆ. ಇದು ಸಲ್ಲದು. ಮೆತ್ತನೆಯ ಕೆಳಹಾಸು 3 ಮಿ.ಮೀ. ಮೀರಿದರೆ ನಡೆದಾಗಲೆಲ್ಲ ಫಲಕ ಬಾಗಿ, ಅಂಚಿನ ಕೊಂಡಿಗಳು ಮುರಿಯುವ ಸಂಭವವಿದೆ. ಕೋಣೆಯ ಮಟ್ಟವನ್ನು ಏರಿಸಲೇಬೇಕಾದರೆ ತಾನೇ ಹರಡಿಕೊಂಡು ಸಮವಾಗುವ ಸಿಮೆಂಟ್ ಮಿಶ್ರಣವನ್ನು ಹಳೆಯ ನೆಲದ ಮೇಲೆ ಸುರಿಯಿಸುವುದು ಮೇಲು. ಟೈಲಿನ ಮೇಲೆ ಟೈಲು ಹಾಕುವವರಿಗೂ ಒಂದು ಮಾತು ಅನ್ವಯಿಸುತ್ತದೆ. ನುಣುಪಾದ ಹಳೆಯ ಟೈಲಿನ ಮೇಲೆ ಬರಿಯ ಸಿಮೆಂಟ್ ಹಾಲು ಹಿಡಿಯುವುದಿಲ್ಲ. ಚೀಲದ ಮೇಲೆ ಐ.ಎಸ್. 15477 ಎಂಬ ಭಾರತೀಯ ಮಾನಕದ ಸಂಖ್ಯೆಯಿರುವ, ಟೈಲಿನ ಮೇಲೆ ಟೈಲು ಕೂರಿಸಲು ಯೋಗ್ಯವೆಂದು ನಮೂದಿಸಿರುವ ಅಂಟುಗಾರೆಯನ್ನೇ ಕೇಳಿ ಪಡೆಯಬೇಕು. ಹಳೆಯ ಟೈಲುಗಳನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಂಥವನ್ನು ಕಿತ್ತು ಮುಚ್ಚಿದ ನಂತರವೇ ಮುಂದಿನ ಕೆಲಸ.

ಹೊಸ ಕಟ್ಟಡದಲ್ಲಿ, ಕಾಂಕ್ರೀಟಿನ ತಳ ಬರಿದಾಗಿರುವಾಗಲೇ ನಿರ್ಧಾರ ಮಾಡುವವರು ಭಾಗ್ಯವಂತರು. ಹಜಾರದಲ್ಲಿ 40 ಮಿ.ಮೀ. ಗಾರೆಯ ಮೇಲೆ 10 ಮಿ.ಮೀ. ಟೈಲು ಬರುವುದಾದರೆ, ಮಲಗುವ ಕೋಣೆಯಲ್ಲಿಯೂ ಗಾರೆಯನ್ನು 40 ಮಿ.ಮೀ.ಗೆ ನಿಲ್ಲಿಸಿ ಅದರ ಮೇಲೆ 10 ಮಿ.ಮೀ. ಲ್ಯಾಮಿನೇಟ್ ಮತ್ತು ಕೆಳಹಾಸನ್ನು ಹಾಸಿದರೆ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಇಲ್ಲಿ ತಾಳ್ಮೆ ಅಗತ್ಯ. ಗಾರೆಯ ದಪ್ಪದ ಪ್ರತಿ ಮಿಲಿಮೀಟರಿಗೆ ಒಂದು ದಿನ ಒಣಗಲು ಬೇಕೆಂಬುದು ರೂಢಿಯ ಲೆಕ್ಕ; ನಲವತ್ತು ಮಿಲಿಮೀಟರಿಗೆ ನಲವತ್ತು ದಿನ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಒಂದು ಮೊಳ ಚೌಕದ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಅಂಚಿನಲ್ಲಿ ಟೇಪಿನಿಂದ ಬಿಗಿದು ಒಂದೆರಡು ದಿನ ಬಿಟ್ಟು ತೆಗೆದು ನೋಡಬಹುದು. ಹಾಳೆಯ ಕೆಳಗೆ ಬೆವರಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಇನ್ನೂ ಆರಿಲ್ಲವೆಂದೇ ಅರ್ಥ.

ಇಳಿಜಾರು ಎಷ್ಟಿರಬೇಕು

ವ್ಯತ್ಯಾಸವು 3 ಮಿ.ಮೀ.ಯ ಒಳಗಿದ್ದರೆ ಎರಡೂ ಬದಿಗೆ ಚಾಚುವ ಟಿ ಆಕಾರದ ಪಟ್ಟಿಯೇ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಒಂದು ಬದಿ ಎತ್ತರ, ಇನ್ನೊಂದು ಬದಿ ಇಳಿದಿರುವ ಪಟ್ಟಿ ಬೇಕು. ಅಂಗಡಿಗಳಲ್ಲಿ ಇದನ್ನು ರೆಡ್ಯೂಸರ್ ಎಂದು ಕೇಳಬೇಕು. ಕೆಲಸದವರಿಗೆ ಸ್ಥಳವನ್ನು ಸೂಚಿಸುವಾಗ ಆಯಾ ಪ್ರಾಂತದ ಮಾತು ಉಪಯೋಗಕ್ಕೆ ಬರುತ್ತದೆ. ಕನ್ನಡದ ಹೊಸ್ತಿಲನ್ನು ಮರಾಠಿಯಲ್ಲಿ ಉಂಬರಠಾ ಎಂದೂ, ತೆಲುಗಿನಲ್ಲಿ ಗಡಪ ಎಂದೂ, ತಮಿಳಿನಲ್ಲಿ ವಾಸಲ್‌ಪಡಿ ಎಂದೂ, ಹಿಂದಿಯಲ್ಲಿ ದೇಹಲೀ ಎಂದೂ ಕರೆಯುತ್ತಾರೆ.

ಎಷ್ಟು ಇಳಿಜಾರು ಸುರಕ್ಷಿತವೆಂಬುದಕ್ಕೆ ಅಳತೆಗಳಿವೆ. ಅಮೆರಿಕದಲ್ಲಿ ವಿಕಲಚೇತನರಿಗಾಗಿ ರೂಪಿಸಿದ 2010ರ ಮಾನದಂಡವು ಸುಮಾರು 6 ಮಿ.ಮೀ.ವರೆಗಿನ ನೇರ ಅಂಚನ್ನು ಒಪ್ಪುತ್ತದೆ. ಅಲ್ಲಿಂದ ಸುಮಾರು 13 ಮಿ.ಮೀ.ವರೆಗೆ ಅಂಚನ್ನು ಎರಡಕ್ಕೆ ಒಂದರಂತೆ ಓರೆ ಮಾಡಬೇಕೆನ್ನುತ್ತದೆ; ಅದನ್ನೂ ಮೀರಿದರೆ ಪೂರ್ಣ ಇಳಿಜಾರು ಬೇಕು. ನಮ್ಮ ದೇಶದ ಸಾರ್ವಜನಿಕ ಕಟ್ಟಡಗಳ ಇಳಿಜಾರಿಗೆ ಬಳಕೆಯಲ್ಲಿರುವ ಅಳತೆ ಹನ್ನೆರಡಕ್ಕೆ ಒಂದು, ಅಂದರೆ 1 ಸೆಂ.ಮೀ. ಏರಲು 12 ಸೆಂ.ಮೀ. ಉದ್ದ. ಖಾಸಗಿ ಮನೆಯ ಒಳಕೋಣೆಯಲ್ಲಿ ಇದನ್ನು ಪಾಲಿಸಲೇಬೇಕೆಂದಿಲ್ಲವಾದರೂ, ಗಾಲಿಕುರ್ಚಿಯನ್ನಾಗಲಿ ನಡಿಗೆಯ ಚೌಕಟ್ಟನ್ನಾಗಲಿ ಬಳಸುವವರು ಇರುವ ಮನೆಯಲ್ಲಿ ಇದೇ ಸರಿಯಾದ ಗುರಿ. ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರಕ್ಕೆ ಹತ್ತು ಮಿಲಿಮೀಟರಿನ ನೇರ ಅಂಚು ಒಂದು ಗೋಡೆಯೇ ಸರಿ.

ಅಂಗಡಿಯ ರೆಡ್ಯೂಸರ್ ಪಟ್ಟಿಯ ಅಗಲ ಸಾಮಾನ್ಯವಾಗಿ 40ರಿಂದ 50 ಮಿ.ಮೀ. ಹತ್ತು ಮಿಲಿಮೀಟರಿನ ಏರಿಗೆ ಅದು ಕೊಡುವ ಇಳಿಜಾರು ನಾಲ್ಕಕ್ಕೆ ಅಥವಾ ಐದಕ್ಕೆ ಒಂದು. ಎಡವುವುದನ್ನು ತಪ್ಪಿಸಲು ಇದು ಸಾಕಾದೀತು, ಚಕ್ರಗಳಿಗೆ ಹಿತವಲ್ಲ. ಆದರೆ ಬಾಗಿಲಿನಲ್ಲಿ ಇದಕ್ಕಿಂತ ಹೆಚ್ಚಿನ ಜಾಗವಿರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಅರ್ಧ ಇಟ್ಟಿಗೆಯ ಗೋಡೆಯೂ ಎರಡೂ ಬದಿಯ ಗಿಲಾವೂ ಸೇರಿ ಸುಮಾರು 140 ಮಿ.ಮೀ. ದಪ್ಪವಿರುತ್ತವೆ. ಕೋಣೆಯ ಬದಿಯಲ್ಲಿ ಕದ ನಿಲ್ಲುವ 35 ಮಿ.ಮೀ. ಕಳೆದರೆ 105 ಮಿ.ಮೀ. ಉಳಿಯುತ್ತದೆ. ಇಲ್ಲಿ ಗಟ್ಟಿಮರದ ಒಂದು ಓರೆಪಟ್ಟಿಯನ್ನು ಬಡಗಿಯಿಂದ ಮಾಡಿಸಬಹುದು. ತುದಿಯನ್ನು ಕಾಗದದಷ್ಟು ತೆಳುವಾಗಿ ಚೂಪು ಮಾಡಿದರೆ ಅದು ಬೇಗ ಒಡೆಯುತ್ತದೆ. ಆದುದರಿಂದ ಟೈಲಿನ ಬದಿಯಲ್ಲಿ 2 ಮಿ.ಮೀ. ದಪ್ಪವನ್ನು ಉಳಿಸಿ, ಆ ಮೂಲೆಯನ್ನು ದುಂಡಗೆ ಉಜ್ಜಬೇಕು. ಉಳಿಯುವ ಏರು 8 ಮಿ.ಮೀ.; ಹನ್ನೆರಡಕ್ಕೆ ಒಂದರಂತೆ ಅದಕ್ಕೆ ಬೇಕಾಗುವುದು 96 ಮಿ.ಮೀ. ಇರುವ 105 ಮಿ.ಮೀ.ಯಲ್ಲಿ ಇದು ಸುಲಭವಾಗಿ ಹಿಡಿಸುತ್ತದೆ, ಲ್ಯಾಮಿನೇಟಿನ ಸಂದಿಗೂ ಸ್ಥಳ ಉಳಿಯುತ್ತದೆ. ಮರ ಒಗ್ಗದವರು ಗ್ರಾನೈಟ್ ಅಥವಾ ಶಹಾಬಾದಿ ಕಲ್ಲಿನ ಪಟ್ಟಿಯನ್ನು ಇದೇ ಓರೆಗೆ ಕೊರೆಯಿಸಬಹುದು. ಕಲ್ಲಿನ ಓರೆಯನ್ನು ಹೊಳಪು ಬರುವಂತೆ ಉಜ್ಜಿಸಬಾರದು, ಒದ್ದೆ ಕಾಲು ಜಾರುತ್ತದೆ.

ಪಟ್ಟಿಯ ಬಣ್ಣದ ವಿಷಯದಲ್ಲಿ ಅಂಗಡಿಯವರ ಸಲಹೆಯನ್ನು ಪೂರ್ಣವಾಗಿ ನಂಬಬೇಕಾಗಿಲ್ಲ. ನೆಲದೊಡನೆ ಬೆರೆತುಹೋಗುವ ಬಣ್ಣವನ್ನು ಅವರು ತೋರಿಸುತ್ತಾರೆ. ಆದರೆ ಮಂದದೃಷ್ಟಿಯವರಿಗೆ ಬೇಕಾಗಿರುವುದು ಬೆರೆಯುವ ಬಣ್ಣವಲ್ಲ, ಬೇರೆಯಾಗಿ ಕಾಣುವ ಬಣ್ಣ.

ಕೂರಿಸುವ ಕ್ರಮ

ಫಲಕಗಳ ಪೆಟ್ಟಿಗೆಗಳನ್ನು ಬಿಚ್ಚದೆ, ಹಾಸಬೇಕಾದ ಕೋಣೆಯಲ್ಲಿಯೇ 48 ಗಂಟೆಗಳ ಕಾಲ ಮಲಗಿಸಿಡಬೇಕು. ಫಲಕಗಳು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಈ ಅವಧಿ ಬೇಕು. ಅನಂತರ ಕದವನ್ನು ಮುಚ್ಚಿ, ಅದರ ದಪ್ಪದ ನಡುವೆ ನೆಲದ ಮೇಲೆ ಗೆರೆ ಹಾಕತಕ್ಕದ್ದು. ಅಂಗಡಿಯ ಪಟ್ಟಿ ಈ ಗೆರೆಯ ಮೇಲೆ ಬಂದರೆ, ಕದ ಮುಚ್ಚಿದಾಗ ಹಜಾರದಿಂದ ಲ್ಯಾಮಿನೇಟ್ ಕಾಣುವುದಿಲ್ಲ, ಕೋಣೆಯಿಂದ ಟೈಲು ಕಾಣುವುದಿಲ್ಲ. ಓರೆಪಟ್ಟಿಯನ್ನು ಕೂರಿಸುವವರು ಲ್ಯಾಮಿನೇಟನ್ನು ಕದದ ಕೆಳಗೆ ಮುಗಿಸಿ, ಓರೆಯನ್ನು ಹಜಾರದ ಕಡೆಗೆ ಇಳಿಸಬೇಕು.

ಕದವು ಕೋಣೆಯೊಳಕ್ಕೆ ತೆರೆಯುವುದಾದರೆ, ಹತ್ತು ಮಿಲಿಮೀಟರ್ ಮೇಲೆದ್ದ ನೆಲಕ್ಕೆ ಅದು ತಾಗದೆ ಇರಲಾರದು. ಮರದ ಕದವನ್ನಾದರೆ ಕಳಚಿ ಕೆಳ ಅಂಚನ್ನು ಉಜ್ಜಬಹುದು. ಒಳಗೆ ಟೊಳ್ಳಾಗಿರುವ ಪ್ಲಾಸ್ಟಿಕ್ ಕದವನ್ನು ಕತ್ತರಿಸಿದರೆ ಅದು ಕೆಡುತ್ತದೆ. ಅಂಥಲ್ಲಿ ತೆಳುವಾದ ಫಲಕವನ್ನು ಆರಿಸುವುದೇ ಉಚಿತ. ಮರದ ಚೌಕಟ್ಟಿನ ಬುಡವನ್ನು ಗರಗಸದಿಂದ ಫಲಕದ ದಪ್ಪದಷ್ಟು ಕೊಯ್ದು, ಫಲಕವನ್ನು ಅದರ ಕೆಳಗೆ ತೂರಿಸಿದರೆ ಅಲ್ಲಿ ಸಂದು ಕಾಣುವುದಿಲ್ಲ. ಕಲ್ಲಿನ ಚೌಕಟ್ಟಿನಲ್ಲಿ ಇದು ಸಾಧ್ಯವಿಲ್ಲ.

ಪಟ್ಟಿಯನ್ನು ಹಿಡಿದಿಡುವ ಅಲ್ಯುಮಿನಿಯಂ ಹಳಿಯನ್ನು ಟೈಲು ಮತ್ತು ಲ್ಯಾಮಿನೇಟುಗಳ ನಡುವಣ ಸಂದಿನಲ್ಲಿ ಕೆಳಗಿನ ಗಟ್ಟಿ ನೆಲಕ್ಕೇ ಸ್ಕ್ರೂಗಳಿಂದ ಬಿಗಿಯಬೇಕು. ಹಳಿಯ ಅಗಲಕ್ಕೆ ತಕ್ಕಂತೆ ಈ ಸಂದನ್ನು ಮೊದಲೇ ಹೆಚ್ಚಿಸಿಕೊಳ್ಳತಕ್ಕದ್ದು. ಲ್ಯಾಮಿನೇಟಿಗೆ ಮೊಳೆಯಾಗಲಿ ಸ್ಕ್ರೂ ಆಗಲಿ ತಾಗಕೂಡದು. ಪಟ್ಟಿಯ ತುಟಿ ಲ್ಯಾಮಿನೇಟಿನ ಅಂಚನ್ನು ಮುಚ್ಚಿರಬೇಕು, ಆದರೆ ಅದರ ಕೆಳಗೆ ಫಲಕ ಜಾರಾಡುವಂತಿರಬೇಕು. ರಂಧ್ರ ಕೊರೆಯುವ ಮುನ್ನ ಆ ಬಾಗಿಲಿನ ಕೆಳಗೆ ನೀರಿನ ಕೊಳವೆಯೋ ವಿದ್ಯುತ್ ತಂತಿಯ ಕೊಳವೆಯೋ ಹಾದುಹೋಗಿದೆಯೇ ಎಂದು ವಿಚಾರಿಸುವುದು ಅತ್ಯಗತ್ಯ. ಸಂದೇಹವಿದ್ದಲ್ಲಿ ಕೊರೆಯದೆ, ಹಳಿಯನ್ನು ಬಲವಾದ ಅಂಟಿನಿಂದ ಗಟ್ಟಿ ನೆಲಕ್ಕೆ ಅಂಟಿಸಬಹುದು. ಎರಡೂ ಮುಖಕ್ಕೆ ಅಂಟಿರುವ ಟೇಪಿನಿಂದ ಹಚ್ಚುವ ಪ್ಲಾಸ್ಟಿಕ್ ಪಟ್ಟಿ ಅಗ್ಗವೇನೋ ಸರಿ. ಕೆಲವು ತಿಂಗಳ ಒರಸುವಿಕೆಗೆ ಅದರ ತುದಿ ಏಳುತ್ತದೆ, ಎದ್ದ ತುದಿಯೇ ಮೊದಲಿನ ಅಂಚಿಗಿಂತ ಕೆಟ್ಟದಾಗಿ ಕಾಲಿಗೆ ಸಿಕ್ಕುತ್ತದೆ.

ಈ ಕೆಲಸದಲ್ಲಿ ಪದೇ ಪದೇ ನಡೆಯುವ ತಪ್ಪು ಒಂದಿದೆ. ಟೈಲಿನ ಕೆಲಸದವನು ತನ್ನ ಅಭ್ಯಾಸದಂತೆ, ಲ್ಯಾಮಿನೇಟಿನ ಎದುರಿಗೆ ಬಿಟ್ಟ ಸಂದನ್ನು ಬಿಳಿ ಸಿಮೆಂಟಿನಿಂದ ಅಂದವಾಗಿ ತುಂಬಿಬಿಡುತ್ತಾನೆ. ಆ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲ ಬಂದು ಫಲಕಗಳು ಹಿಗ್ಗಿದಾಗ ಅವುಗಳಿಗೆ ಹೋಗಲು ಜಾಗವಿರುವುದಿಲ್ಲ; ಕೋಣೆಯ ನಡುವೆ ಎರಡು ಫಲಕಗಳು ಗುಡಾರದಂತೆ ಎದ್ದು ನಿಲ್ಲುತ್ತವೆ. ದೋಷ ಫಲಕದ್ದೆಂದು ಮನೆಯವರೂ, ನೆಲದ ತೇವದ್ದೆಂದು ಮಾರಿದವರೂ ವಾದಿಸುತ್ತಿರುತ್ತಾರೆ. ಬಾಗಿಲಿನ ಬಳಿಯ ಸಿಮೆಂಟನ್ನು ಕೆತ್ತಿ ತೆಗೆದೊಡನೆ ಎದ್ದ ಫಲಕಗಳು ಕೆಲವೇ ದಿನಗಳಲ್ಲಿ ತಾವಾಗಿ ತಗ್ಗುವುದುಂಟು. ಎರಡು ನೆಲಗಳೂ ಒಂದೇ ಮಟ್ಟದಲ್ಲಿದ್ದು ಪಟ್ಟಿಯೇ ಬೇಡವೆನ್ನುವವರು ಸಂದಿನಲ್ಲಿ ಬಿರಡೆಯ ಪಟ್ಟಿಯನ್ನು ಇಡಬಹುದು. ಅದು ಒತ್ತಿದರೆ ಕುಗ್ಗಿ, ಬಿಟ್ಟರೆ ಮೊದಲಿನಂತಾಗುತ್ತದೆ.

ಸ್ನಾನದ ಮನೆಯ ಬಾಗಿಲಿನ ವಿಚಾರ ಬೇರೆ. ಅಲ್ಲಿ ನೀರು ಹೊರಕ್ಕೆ ಬಾರದಂತೆ ಒಳನೆಲವನ್ನು ಬೇಕೆಂದೇ ತಗ್ಗಿಸಿರುತ್ತಾರೆ. ಆ ತಗ್ಗನ್ನು ತುಂಬಿ ಸಮ ಮಾಡಲು ಹೋಗಬಾರದು. ಲ್ಯಾಮಿನೇಟನ್ನು ಕಲ್ಲಿನ ಹೊಸ್ತಿಲಿನ ಈಚೆಗೇ ನಿಲ್ಲಿಸಿ, ಹೊಸ್ತಿಲಿನ ಎದುರಿನ ಸಂದನ್ನು ಮಾತ್ರ ರಬ್ಬರಿನಂತೆ ಹಿಗ್ಗುವ ಸಿಲಿಕೋನಿನಿಂದ ಮುಚ್ಚಬೇಕು. ನೀರು ಫಲಕದ ತಿರುಳಿಗೆ ಸೇರಿದರೆ ಅಂಚು ಉಬ್ಬಿ, ಒಣಗಿದ ಮೇಲೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಬಕೆಟ್ಟಿನಿಂದ ನೀರು ಸುರಿದು ಹಜಾರವನ್ನು ತೊಳೆಯುವ ಅಭ್ಯಾಸವಿರುವ ಮನೆಗಳಲ್ಲಿ ಕೋಣೆಯ ಬಾಗಿಲಿನ ಜೋಡಣೆಗೂ ಇದೇ ಅಪಾಯವಿದೆ. ಅಂಥ ಮನೆಗಳಲ್ಲಿ ಲ್ಯಾಮಿನೇಟ್ ಟೈಲಿಗಿಂತ ತುಸು ಎತ್ತರದಲ್ಲಿರುವುದು ಒಳ್ಳೆಯದೇ. ಟೈಲಿಗಿಂತ ತಗ್ಗಿನಲ್ಲಿದ್ದರೆ ತೊಳೆದ ನೀರೆಲ್ಲ ಫಲಕದ ಕೆಳಗೆ ಹರಿಯುತ್ತದೆ.

ಜೋಡಣೆಯಾದ ಮೇಲೆ ಪಟ್ಟಿಯನ್ನು ಎರಡು ಸಲ ಪರೀಕ್ಷಿಸಬೇಕು: ಮೊದಲ ಮಳೆಗಾಲದ ಕೊನೆಯಲ್ಲಿ ಒಮ್ಮೆ, ಅದರ ಮುಂದಿನ ಬೇಸಿಗೆಯಲ್ಲಿ ಮತ್ತೊಮ್ಮೆ. ಬೇಸಿಗೆಯಲ್ಲಿ ಫಲಕವು ಪಟ್ಟಿಯ ತುಟಿಯಿಂದ ಹೊರಗೆ ಸರಿದು ಸಂದು ಕಂಡರೆ ಇನ್ನೂ ಅಗಲವಾದ ಪಟ್ಟಿಯನ್ನು ತರಿಸಬೇಕಾಗುತ್ತದೆ. ಸ್ಕ್ರೂಗಳು ಸಡಿಲಿದ್ದರೆ ಬಿಗಿಯಬೇಕು. ಬರಿಗಾಲಿನಲ್ಲಿ, ಕಣ್ಣು ಮುಚ್ಚಿ, ಹಿಮ್ಮಡಿಯಿಂದ ಬೆರಳಿನವರೆಗೆ ಪಾದವನ್ನು ಆ ಗಡಿಯ ಮೇಲೆ ನಿಧಾನವಾಗಿ ಎಳೆದು ನೋಡಿದರೆ, ಎಲ್ಲಿ ತಡೆಯಿದೆ ಎಂಬುದು ರಸಮಟ್ಟಕ್ಕಿಂತ ಬೇಗ ತಿಳಿಯುತ್ತದೆ.